ಹುಸೇನ್ ಚಿತ್ರಕ್ಕೆ 118 ಕೋಟಿ. ನಮ್ಮೂರ ಕಲಾವಿದರ ಕೈಲಿ ಬಿಲ್ಲೂ ಇಲ್ಲ!

ದಾವಣಗೆರೆ: 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನ್ ಅವರ 'ಗ್ರಾಮ ಯಾತ್ರಾ' ಸುಮಾರು 118 ಕೋಟಿ ರೂಪಾಯಿಗೆ ಹೋಯ್ತು. ಹುಸೇನ್ ತೀರಿಕೊಂಡಿದ್ದು 2011ರಲ್ಲಿ. 1954ರಲ್ಲೇ ಮಾರಾಟವಾಗಿ ನಾರ್ವೆ ಸೇರಿದ್ದ ಚಿತ್ರ ಅದು. ದುಡ್ಡು ಸೇರಿದ್ದು ಅಲ್ಲಿನ ಆಸ್ಪತ್ರೆಗೆ. ಕಲಾ ಮಾರುಕಟ್ಟೆ ಬೆಳೀತಿದೆ ಅಂತಾರೆ. ಚಿತ್ರ ಬರೆದವರಿಗೆ ಅದರಲ್ಲಿ ಎಷ್ಟು?

ಕಲಿಯೋದು ಇಲ್ಲಿ, ಮಾರೋದು ಬೆಂಗಳೂರಲ್ಲಿ

ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜು 1964ರಿಂದ ಇದೆ. ಆದರೆ ಚಿತ್ರ ಕೊಳ್ಳುವ ಗ್ಯಾಲರಿಗಳು ಹೆಚ್ಚಾಗಿ ಬೆಂಗಳೂರಿನಲ್ಲೇ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಜಿಲ್ಲೆಯ ಕಲಾವಿದರಿಗೆ ದೊಡ್ಡ ಅವಕಾಶ. ಆದರೆ ಅದು ವರ್ಷಕ್ಕೊಂದು ದಿನ. ಬೋರ್ಡ್ ಬರೆಯೋ ಕೆಲಸವನ್ನು ಫ್ಲೆಕ್ಸ್ ಯಾವತ್ತೋ ಕಿತ್ಕೊಂಡಿತು. ಈಗ ಎಐ ನಿಮಿಷದಲ್ಲಿ ಚಿತ್ರ ಮಾಡಿಕೊಡುತ್ತೆ.

2025ರ ಸೆಪ್ಟೆಂಬರ್ 22ರಿಂದ ಕೈಯಲ್ಲಿ ಬರೆದ ಚಿತ್ರಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಒಳ್ಳೇದೇ. ಆದರೆ ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದೊಳಗೆ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಹಾಗಾಗಿ ಈ ಇಳಿಕೆಯ ನೇರ ಲಾಭ ದೊಡ್ಡ ಗ್ಯಾಲರಿ, ಹರಾಜು ಕಂಪನಿಗಳಿಗೆ.

ಗೊತ್ತಿಲ್ಲದ ಹಕ್ಕು

ಕಲಾವಿದರ ಪರ ಕಾನೂನೇ ಇಲ್ಲ ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ, ಮೂಲ ಚಿತ್ರ 10 ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಪಾಲು ಸಿಗಬೇಕು. ಗರಿಷ್ಠ ಶೇ 10. ಚಿತ್ರ ಮಾರಿದ ಮಾತ್ರಕ್ಕೆ ಅದನ್ನು ಕ್ಯಾಲೆಂಡರ್, ಟೀ ಶರ್ಟ್ ಮೇಲೆ ಅಚ್ಚು ಹಾಕೋ ಹಕ್ಕು ಕೊಂಡವರಿಗೆ ಹೋಗಲ್ಲ.

ಇಲ್ಲೊಂದು ತೊಡಕಿದೆ. ಯಾರೋ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಹಕ್ಕು ಬರೆಸಿದವರದ್ದೇ. ಮರುಮಾರಾಟದ ಪಾಲೂ ಇಲ್ಲ. ಹೋಟೆಲ್ ಗೋಡೆ, ಮನೆಯ ಭಾವಚಿತ್ರ ಅಂತ ಬಾಯಿಮಾತಲ್ಲಿ ಕೆಲಸ ಒಪ್ಪಿಕೊಳ್ಳುವವರು ಗಮನಿಸಬೇಕಾದ್ದು ಇದನ್ನೇ.

ಸಂತೆಯಲ್ಲಿ ನಗದು ಎಣಿಸಿಕೊಂಡು, ಪೇಪರ್ ಸುತ್ತಿ ಕೊಟ್ಟುಬಿಟ್ಟರೆ ಹತ್ತು ವರ್ಷದ ನಂತರ ಆ ಚಿತ್ರ ಎಲ್ಲಿದೆ, ಎಷ್ಟಕ್ಕೆ ಹೋಯ್ತು ಅಂತ ಹುಡುಕೋದು ಹೇಗೆ? ಚಿತ್ರದ ಹೆಸರು, ಅಳತೆ, ವರ್ಷ, ಬೆಲೆ, ಕೊಂಡವರ ವಿಳಾಸ ಇರೋ ಎರಡು ಪ್ರತಿ ಬಿಲ್, ಮೊಬೈಲಲ್ಲೊಂದು ಫೋಟೊ, ಬರೆಸುವವರ ಜೊತೆ ಒಂದು ಪುಟದ ಒಪ್ಪಂದ. ಖರ್ಚು ಏನೂ ಇಲ್ಲ.

ಗ್ಯಾಲರಿ ಕಟ್ಟೋಕೆ ಸರ್ಕಾರದ ಅನುದಾನ ಬೇಕು, ವರ್ಷಗಳೇ ಹಿಡಿಯಬಹುದು. ಬಿಲ್ ಬರೆಯೋದನ್ನು ಕಲಾ ಕಾಲೇಜುಗಳು ಈ ಸೆಮಿಸ್ಟರ್‌ನಲ್ಲೇ ಒಂದು ತರಗತಿ ಇಟ್ಟು ಹೇಳಿಕೊಡಬಹುದು.