ಮಧುಚಂದ್ರಕ್ಕೆ ಇಟಲಿ: ರೈಲು ಹತ್ತುವ ಮುನ್ನ

ಚೆನ್ನೈಯ ಕನ್ನಡ ಮನೆಗಳಲ್ಲಿ ಮದುವೆ ಮಾತುಕತೆ ಎಂದರೆ ಹಿಂದೆ ಛತ್ರ, ಅಡಿಗೆಯವರು, ಓಲಗದವರು, ಜವಳಿ ಇಷ್ಟರಲ್ಲಿ ಮುಗಿಯುತ್ತಿತ್ತು. ಈಗ ಆ ಪಟ್ಟಿಗೆ ಇನ್ನೊಂದು ಸೇರಿದೆ. ನಿಶ್ಚಿತಾರ್ಥ ಮುಗಿದ ವಾರಕ್ಕೇ ಹುಡುಗ ಹುಡುಗಿ ಮೊಬೈಲು ಹಿಡಿದು ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಲೆಕ್ಕ ಹಾಕತೊಡಗುತ್ತಾರೆ. ಮಧುಚಂದ್ರಕ್ಕೆ ಇಟಲಿ, ಅದೂ ಊರಿಂದ ಊರಿಗೆ ರೈಲಿನಲ್ಲಿ! ಹಿರಿಯರಿಗೆ ದಿಗಿಲು. "ಅನ್ನ ಸಾರು ಸಿಗದ ಊರಿಗೆ ನೀವಿಬ್ಬರೇ ಹೋಗಿ ಏನಪ್ಪಾ ಮಾಡ್ತೀರಿ? ಟೂರಿನವರ ಜೊತೆ ಹೋಗಿ, ಅಡಿಗೆಯವರೂ ಜೊತೆಗೇ ಬರ್ತಾರೆ" ಎಂಬ ಮಾತು ಮಾಂಬಲಂನಿಂದ ಅಣ್ಣಾನಗರದವರೆಗೆ ಎಷ್ಟೋ ಮನೆಗಳ ನಡುಮನೆಯಲ್ಲಿ ಕೇಳಿಬರುತ್ತಿದೆ.

ಈ ವಾದದಲ್ಲಿ ಎಳೆಯರದ್ದೇ ಸರಿ. ಆದರೆ ಪೂರ್ತಿ ಸರಿಯಲ್ಲ.

ರೈಲಿನ ಮಧುಚಂದ್ರ ಚೆನ್ನೈ ಕನ್ನಡಿಗರಿಗೆ ಹೊಸತೇನೂ ಅಲ್ಲ ಎಂಬುದನ್ನು ಹಿರಿಯರಿಗೆ ಮೊದಲು ನೆನಪಿಸಬೇಕಾಗಿದೆ. ಈಗ ಅರವತ್ತು ಎಪ್ಪತ್ತು ದಾಟಿದ ದಂಪತಿಗಳನ್ನು ಕೇಳಿ ನೋಡಿ. ಹಲವರ ಉತ್ತರ ಊಟಿ! ಮದರಾಸು ಸೆಂಟ್ರಲಿನಲ್ಲಿ ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಮೆಟ್ಟುಪಾಳಯಂನಲ್ಲಿ ಕಣ್ಣುಜ್ಜಿಕೊಂಡು ಇಳಿದು, ಎದುರಿಗೇ ಹೊಗೆಯಾಡುತ್ತ ನಿಂತ ಪುಟ್ಟ ರೈಲಿಗೆ ಓಡಿದವರು ಅವರು. ಕೂನೂರಿನವರೆಗಿನ ಆ ಮಾರ್ಗ ತೆರೆದದ್ದು 1899ರಲ್ಲಿ, ಊಟಿಯವರೆಗೆ ಮುಂದುವರಿದದ್ದು 1908ರಲ್ಲಿ. ಸುಮಾರು 46 ಕಿಲೋಮೀಟರು ದೂರ, 208 ತಿರುವು, 16 ಸುರಂಗ, 250 ಸೇತುವೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ ಬರೀ ಹಳಿ ಸಾಲದು. ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಹತ್ತಬೇಕು. ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಬೆಳಿಗ್ಗೆ ಏಳರ ಸುಮಾರಿಗೆ ಹೊರಟ ಗಾಡಿ ಊಟಿ ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ. ಐದು ಗಂಟೆ ಅಕ್ಕಪಕ್ಕ ಕೂತು, ಕಿಟಕಿಯಾಚೆ ನೋಡುವ ನೆಪದಲ್ಲಿ ಮಾತಾಡಿದರಲ್ಲ, ಮದುವೆಗೆ ಮುಂಚೆ ಹುಡುಗಿ ನೋಡುವ ಶಾಸ್ತ್ರದಲ್ಲಿ ಐದು ನಿಮಿಷವೂ ಮಾತಾಡಿರದ ಆ ದಂಪತಿಗಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇನ್ನೇನಿತ್ತು?

ಆ ಬೆಟ್ಟದ ಮೇಲೂ ಕನ್ನಡದ ನೆರಳು ಇದೆ. ಬಡಗರ ನುಡಿ ಕನ್ನಡದ ಹತ್ತಿರದ ನೆಂಟ. ಕೂನೂರು, ಕೋಟಗಿರಿಯ ಪೇಟೆಯಲ್ಲಿ ಕಿವಿಗೊಟ್ಟರೆ ಗುರುತಿನ ಪದಗಳು ಬೀಳುತ್ತವೆ. ಮದರಾಸಿನ ಉಡುಪಿ ಹೋಟೆಲುಗಳ ಪೈಕಿ ಹೆಸರಾದ ದಾಸಪ್ರಕಾಶ್ ಊಟಿಯಲ್ಲೂ ಹೋಟೆಲು ನಡೆಸಿತ್ತು. ಮದರಾಸಿನ ಮದುಮಕ್ಕಳಿಗೆ ಬೆಟ್ಟದ ಮೇಲೂ ಮನೆರುಚಿಯ ಸಾರು ಸಿಕ್ಕಿದ್ದು ಹಾಗೆ. "ಅನ್ನ ಸಾರು ಸಿಗುತ್ತಾ" ಎಂಬ ಇಂದಿನ ಪ್ರಶ್ನೆಯ ಬೇರು ಅಲ್ಲಿಯದೂ ಇರಬಹುದು!

ಇನ್ನೊಂದು ಸ್ವಾರಸ್ಯ. ಆ ಪುಟ್ಟ ರೈಲಿನ ಹಳೆಯ ಎಂಜಿನುಗಳು ತಯಾರಾದದ್ದು ಇಟಲಿಯ ನೆರೆಯ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ. ಆಮೇಲೆ ಕೆಲವನ್ನು ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲೇ ಕಟ್ಟಿದರು. 2005ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ಅಜ್ಜ ಅಜ್ಜಿ ಆಲ್ಪ್ಸ್‌ನ ಎಂಜಿನ್ನಿನ ಹಿಂದೆ ಮಧುಚಂದ್ರಕ್ಕೆ ಹೋದವರೇ. ಮೊಮ್ಮಗ ಆಲ್ಪ್ಸ್‌ನ ಬುಡಕ್ಕೇ ಹೊರಟಿದ್ದಾನೆ, ಅಷ್ಟೇ ವ್ಯತ್ಯಾಸ.

ಹಾಗಿರುವಾಗ ನಲವತ್ತು ಜನರ ಬಸ್ಸಿನಲ್ಲಿ ಹೊಸ ದಂಪತಿಗಳನ್ನು ಕೂರಿಸುವುದು ಯಾವ ನ್ಯಾಯ? ಬೆಳಿಗ್ಗೆ ಆರಕ್ಕೆ ಎಬ್ಬಿಸುವವನೊಬ್ಬ, ಬಾವುಟ ಹಿಡಿದು ಮುಂದೆ ನಡೆಯುವವನೊಬ್ಬ, ಹಿಂದಿನ ಸೀಟಿನಲ್ಲಿ "ಎಷ್ಟು ಸಂಬಳ, ಸ್ವಂತ ಮನೆಯೋ" ಎಂದು ವಿಚಾರಿಸುವ ಮಾಮಿಯೊಬ್ಬರು. ವಯಸ್ಸಾದವರಿಗೆ, ತೀರ್ಥಯಾತ್ರೆಗೆ ಇಂಥ ವ್ಯವಸ್ಥೆ ಅನುಕೂಲವೇ ಸರಿ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮದುವೆ ಮನೆಯ ಗದ್ದಲದಿಂದ ಈಗತಾನೇ ಬಿಡುಗಡೆಯಾದ ಇಬ್ಬರಿಗೆ ಬೇಕಾದದ್ದು ಇನ್ನೊಂದು ಗದ್ದಲವಲ್ಲ. ತಪ್ಪಿದ ರೈಲು, ಸಿಗದ ಕಾಫಿ, ದಾರಿ ತಪ್ಪಿ ನಡೆದ ಒಂದು ಮೈಲಿ, ಇವುಗಳ ನಡುವೆ ಒಬ್ಬರ ಸ್ವಭಾವ ಇನ್ನೊಬ್ಬರಿಗೆ ತಿಳಿಯುತ್ತದೆ. ಜಗಳವೂ ಆಗುತ್ತದೆ. ಆಗಲಿ, ನೋಡುವುದಕ್ಕೆ ನೆಂಟರಿರುವುದಿಲ್ಲ.

ಇನ್ನು ಎಳೆಯರ ತಪ್ಪಿಗೆ ಬರೋಣ. ಅವರ ಪಟ್ಟಿ ಉದ್ದ. ಹತ್ತು ದಿನಕ್ಕೆ ಮಿಲಾನ್, ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್, ನೇಪಲ್ಸ್, ಪಾಂಪೆ, ಮೇಲೆ ಸಮುದ್ರದಂಚಿನ ಚಿಂಕ್ವೆ ತೆರ್ರೆಯ ಐದು ಹಳ್ಳಿ. ಭೂಪಟದಲ್ಲಿ ಇದು ಸುಲಭವಾಗಿ ಕಾಣುತ್ತದೆ. ಅಲ್ಲಿನ ಫ್ರೆಚ್ಚಾರೊಸ್ಸ, ಇತಾಲೋ ಎಂಬ ವೇಗದ ರೈಲುಗಳು ಗಂಟೆಗೆ 300 ಕಿಲೋಮೀಟರಿನವರೆಗೂ ಓಡಬಲ್ಲವು. ರೋಮಿನಿಂದ ಫ್ಲಾರೆನ್ಸಿಗೆ ಒಂದೂವರೆ ಗಂಟೆ, ಫ್ಲಾರೆನ್ಸಿನಿಂದ ವೆನಿಸಿಗೆ ಎರಡು ಗಂಟೆಯ ಆಸುಪಾಸು. ಆದರೆ ರೈಲಿನ ಎರಡು ಗಂಟೆ ಎಂದರೆ ಹೋಟೆಲು ಖಾಲಿ ಮಾಡಿ, ಪೆಟ್ಟಿಗೆ ಎಳೆದು, ಹೊಸ ಹೋಟೆಲಿನಲ್ಲಿ ಕೋಣೆ ಸಿಗುವವರೆಗೆ ಕಾದು, ಒಟ್ಟು ಅರ್ಧ ದಿನ. ಹತ್ತು ದಿನದಲ್ಲಿ ಮೂರು ಊರು ಸಾಕು. ರೋಮ್ ನಾಲ್ಕು, ಫ್ಲಾರೆನ್ಸ್ ಮೂರು, ವೆನಿಸ್ ಎರಡು ಎಂದಿಟ್ಟುಕೊಂಡರೆ ಒಂದು ದಿನ ಸುಮ್ಮನೆ ಮಲಗುವುದಕ್ಕೂ ಉಳಿಯುತ್ತದೆ. ಪೀಸಾದ ವಾಲುಗೋಪುರ ನೋಡಲೇಬೇಕೆಂದರೆ ಫ್ಲಾರೆನ್ಸಿನಿಂದ ಸಾದಾ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೋಗಿ ಸಂಜೆಗೆ ಹಿಂದಿರುಗಬಹುದು.

ಸಾದಾ ರೈಲು ಎಂದಾಗ ಒಂದು ಎಚ್ಚರ. ವೇಗದ ರೈಲಿನ ಟಿಕೆಟು ಅದೇ ಗಾಡಿಗೆ, ಅದೇ ಸೀಟಿಗೆ. ಮುಂಚಿತವಾಗಿ ಕೊಂಡರೆ ಬಹಳ ಅಗ್ಗ, ಆದರೆ ತೀರಾ ಅಗ್ಗದ ಟಿಕೆಟಿನ ಗಾಡಿ ತಪ್ಪಿದರೆ ದುಡ್ಡು ಹೋದಂತೆಯೇ. ಸಾದಾ ಪ್ರಾದೇಶಿಕ ರೈಲಿನದು ಬೇರೆ ಕಥೆ. ಅದರ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಬೀಚ್-ತಾಂಬರಂ ಲೋಕಲ್ಲಿನಲ್ಲಿ ಟಿಕೆಟು ಜೇಬಿನಲ್ಲಿದ್ದರೆ ಸಾಕು ಎಂದು ಅಭ್ಯಾಸವಾದವರು ಇಲ್ಲಿ ದಂಡ ಕಟ್ಟುತ್ತಾರೆ. ವೆನಿಸಿಗೆ ಹೋಗುವವರು ಮೆಸ್ತ್ರೆ ನಿಲ್ದಾಣದಲ್ಲಿ ಇಳಿಯಬಾರದು, ಸಾಂತಾ ಲೂಚಿಯಾ ಬರುವವರೆಗೆ ಕೂತಿರಬೇಕು. ಸೆಂಟ್ರಲ್ಲಿಗೆ ಬರಬೇಕಾದವರು ಪೆರಂಬೂರಿನಲ್ಲಿ ಇಳಿದಂತೆ ಅದು. ಕೂತಿದ್ದರೆ ಲಾಭವೂ ಇದೆ: 1846ರಲ್ಲಿ ತೆರೆದ, ಮೂರೂವರೆ ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ರೈಲು ನೀರಿನ ನಡುವೆ ಸಾಗುತ್ತದೆ. ರಾಮೇಶ್ವರದ ಗಾಡಿಯಲ್ಲಿ ಪಾಂಬನ್ ದಾಟಿದವರಿಗೆ ಆ ರೋಮಾಂಚನ ಹೊಸತಲ್ಲ. ನಿಲ್ದಾಣದ ಬಾಗಿಲು ದಾಟಿದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಕಾಲುವೆ. ಆಟೋ ಇಲ್ಲ, ಕಾರಿಲ್ಲ, ಬಸ್ಸೆಂದರೂ ದೋಣಿಯೇ. ಪ್ರತಿ ಕಾಲುವೆಗೂ ಮೆಟ್ಟಿಲಿನ ಸೇತುವೆ. ಹೊಸ ಸೀರೆಗಳ ದೊಡ್ಡ ಪೆಟ್ಟಿಗೆಯನ್ನು ಚೆನ್ನೈಯಲ್ಲೇ ಬಿಟ್ಟು ಹೋಗದಿದ್ದರೆ ಮದುಮಗನ ಬೆನ್ನಿಗೆ ದೇವರೇ ಗತಿ.

ಅಲ್ಲಿ ರೈಲು ಮುಷ್ಕರ ಅಪರೂಪವಲ್ಲ. ಮುಂಚಿತವಾಗಿ ಪ್ರಕಟಿಸಿಯೇ ಮಾಡುತ್ತಾರೆ ಎಂಬುದು ಸಮಾಧಾನ. ವೆನಿಸಿನಲ್ಲಿ 2024ರಿಂದ ಜನಜಂಗುಳಿಯ ಕೆಲವು ದಿನಗಳಂದು, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕ ಬಂದಿದೆ. ರಾತ್ರಿ ತಂಗುವವರಿಗೆ ಅದಿಲ್ಲ.

ಊಟದ ವಿಷಯದಲ್ಲಿ ಹಿರಿಯರ ಚಿಂತೆಗೆ ಅರ್ಧ ಆಧಾರವಿದೆ. ಶಾಕಾಹಾರಿಗಳು ಉಪವಾಸ ಬೀಳುವ ದೇಶ ಅದಲ್ಲ. ಟೊಮೇಟೊ, ಬೆಳ್ಳುಳ್ಳಿ ಮಾತ್ರ ಹಾಕಿದ ಮರಿನಾರಾ ಪಿಜ್ಜಾ, ಟೊಮೇಟೊ ಸಾರಿನ ಪಾಸ್ತಾ ಎಲ್ಲೆಡೆ ಸಿಗುತ್ತದೆ. ಆದರೆ ಮೇಲೆ ಉದುರಿಸುವ ಪಾರ್ಮಿಜಾನೋ ಚೀಸಿಗೆ ಹಾಲು ಒಡೆಯಿಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್ಟಿನಿಂದ. ಕಟ್ಟುನಿಟ್ಟಿನ ಮನೆತನದವರು ಇದನ್ನು ತಿಳಿದು "ಚೀಸ್ ಬೇಡ" ಎಂದು ಹೇಳಲು ಕಲಿತು ಹೋಗುವುದು ಒಳ್ಳೆಯದು. ಅವಲಕ್ಕಿ, ಚಟ್ನಿಪುಡಿ ಪೊಟ್ಟಣ ಪೆಟ್ಟಿಗೆಯಲ್ಲಿರಲಿ, ನಷ್ಟವಿಲ್ಲ.

ನಿಜವಾದ ತೊಡಕು ಇರುವುದು ದುಡ್ಡಿನಲ್ಲಿ ಮತ್ತು ಕಾಗದಪತ್ರದಲ್ಲಿ. ಷೆಂಗೆನ್ ವೀಸಾದ ಶುಲ್ಕವೇ 2024ರ ಜೂನಿನಿಂದ ತಲಾ 90 ಯೂರೋ. ವೀಸಾ ಸಿಗದಿದ್ದರೂ ಅದು ಹಿಂದಿರುಗುವುದಿಲ್ಲ. 30,000 ಯೂರೋ ಮೊತ್ತದ ಪ್ರವಾಸ ವಿಮೆ, ಬ್ಯಾಂಕ್ ಖಾತೆಯ ವಿವರ, ರಜೆಯ ಪತ್ರ, ಹೋಟೆಲಿನ ದಾಖಲೆ, ಬೆರಳಚ್ಚು ಎಲ್ಲ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಮದುವೆ ಮುಗಿಯಲಿ, ನೋಡೋಣ ಎಂದು ಕೂತವರು ಕೊನೆಗೆ ದುಬಾರಿ ವಿಮಾನ, ದುಬಾರಿ ರೈಲು ಎರಡನ್ನೂ ಹಿಡಿಯುತ್ತಾರೆ.

ಇಲ್ಲಿ ಮದುಮಗಳ ಪಾಸ್‌ಪೋರ್ಟಿನ ಮಾತು ಬರುತ್ತದೆ. ಮದುವೆಯಾದ ಕೂಡಲೇ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಲೇಬೇಕು, ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲ ಎಂದು ಬೀಗರ ಮನೆಗಳಲ್ಲಿ ಈಗಲೂ ನಂಬಿದ್ದಾರೆ. ಅದು ಕಡ್ಡಾಯವಲ್ಲ. ಹುಟ್ಟಿದ ಮನೆಯ ಹೆಸರಿನಲ್ಲೇ ಟಿಕೆಟು, ವೀಸಾ, ಹೋಟೆಲು ಎಲ್ಲವನ್ನೂ ಮಾಡಿಸಿಕೊಂಡು ಹೋಗಿ ಬರಬಹುದು; ಮೂರರಲ್ಲೂ ಹೆಸರು ಒಂದೇ ಇರಬೇಕು, ಅಷ್ಟೇ. ಹೆಸರು ಬದಲಿಸುವುದೋ ಬೇಡವೋ ಎನ್ನುವುದು ಆ ಹುಡುಗಿ ನಿಧಾನವಾಗಿ ತೀರ್ಮಾನಿಸಬೇಕಾದ ವಿಷಯ. ವಿಮಾನದ ನೆಪದಲ್ಲಿ ಅವಳ ಕೈಯಿಂದ ಸಹಿ ಹಾಕಿಸುವುದು ಸಲ್ಲದು. ಮದುವೆಯ ನೋಂದಣಿ ಮಾತ್ರ ಬೇಕೇ ಬೇಕು. ತಮಿಳುನಾಡಿನ 2009ರ ಕಾಯಿದೆಯ ಪ್ರಕಾರ 90 ದಿನದೊಳಗೆ ಮಾಡಿಸಬೇಕು.

ಇನ್ನು ಸಾಲ. ಛತ್ರಕ್ಕೆ ಸಾಲ, ಒಡವೆಗೆ ಸಾಲ ಮಾಡಿದ ಮನೆಯಲ್ಲಿ ಮಧುಚಂದ್ರಕ್ಕೂ ಕಂತಿನ ಸಾಲ ತೆಗೆದು, ವೆನಿಸಿನ ದೋಣಿಯ ಫೋಟೋವನ್ನು ಎರಡು ವರ್ಷ ತೀರಿಸುತ್ತ ಕೂರುವುದು ಯಾವ ಸುಖ? ಹಿರಿಯರು ಕೋಪಿಸಿಕೊಳ್ಳಬೇಕಾದದ್ದು ಇದಕ್ಕೆ, ರೈಲಿಗಲ್ಲ. ಆದರೆ ಕೋಪಿಸಿಕೊಳ್ಳುವ ಮುಂಚೆ ಆರತಕ್ಷತೆಯ ಲೆಕ್ಕವನ್ನೂ ಒಮ್ಮೆ ತೆರೆಯಲಿ. ಮದುಮಕ್ಕಳ ಹೆಸರೂ ತಿಳಿಯದೆ ಬಂದು, ಐಸ್‌ಕ್ರೀಮ್ ತಿಂದು ಹೋಗುವ ಇನ್ನೂರು ಜನರ ಊಟವನ್ನು ಕೈಬಿಟ್ಟರೆ, ಇಬ್ಬರ ವಿಮಾನದ ಖರ್ಚಿನ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ವೇದಿಕೆಯ ಹೂವಿನ ಅಲಂಕಾರ ಮರುದಿನ ಕಸದ ಲಾರಿಗೆ. ಅದನ್ನು ಯಾರೂ ದುಂದು ಎನ್ನುವುದಿಲ್ಲ, ಮಕ್ಕಳ ಹತ್ತು ದಿನವನ್ನು ಮಾತ್ರ ದುಂದು ಎನ್ನುತ್ತಾರೆ.

ಕಾಲವನ್ನೂ ನೋಡಿಕೊಳ್ಳಬೇಕು. ವೈಶಾಖ, ಜ್ಯೇಷ್ಠದ ಲಗ್ನವಾದರೆ ಆಷಾಢದೊಳಗೆ ಹೋಗಿ ಬರುವುದು ಲೇಸು. ಸೊಸೆ ತವರಿಗೆ ಹೋಗುವ ಪದ್ಧತಿಯೂ ನಡೆಯುತ್ತದೆ, ಇಟಲಿಯ ಜುಲೈ-ಆಗಸ್ಟ್‌ನ ಬಿಸಿಲೂ ತಪ್ಪುತ್ತದೆ. ಕತ್ತಿರಿ ಬಿಸಿಲು ಕಂಡ ಚೆನ್ನೈಯವರಿಗೆ ಅದೆಂಥ ಬಿಸಿಲು ಎಂದು ನಗಬಹುದು. ಆದರೆ ಅಲ್ಲಿ ಇಡೀ ದಿನ ಕಲ್ಲುಹಾಸಿನ ಮೇಲೆ ನಡೆಯಬೇಕು. ಆಗಸ್ಟ್ 15ರ ಸುಮಾರಿಗೆ ಅಲ್ಲಿನವರೇ ಅಂಗಡಿ ಮುಚ್ಚಿ ರಜೆಗೆ ಹೋಗಿರುತ್ತಾರೆ.

ಇಷ್ಟೆಲ್ಲ ಕೈಗೆಟುಕದು ಎನ್ನುವವರು ಕುಗ್ಗಬೇಕಾಗಿಲ್ಲ. ಊಟಿಯ ರೈಲು ಇನ್ನೂ ಓಡುತ್ತಿದೆ. 2024ರ ನವೆಂಬರಿನಿಂದ ಮುಂಗಡ ಟಿಕೆಟು ಸಿಗುವುದು 60 ದಿನ ಮೊದಲು ಮಾತ್ರ. ಆ ದಿನ ಬೆಳಿಗ್ಗೆಯೇ ಕೂತು ತೆಗೆದುಕೊಳ್ಳಬೇಕು. ಅದೇ ವರ್ಷದಿಂದ ಕಾರಿನಲ್ಲಿ ಹೋಗುವವರಿಗೆ ಇ-ಪಾಸಿನ ತಾಪತ್ರಯ ಬಂದಿದೆ, ರೈಲಿನವರಿಗೆ ಅದಿಲ್ಲ. ಈಶಾನ್ಯ ಮಳೆಗಾಲದಲ್ಲಿ ಗುಡ್ಡ ಕುಸಿದು ಗಾಡಿ ನಿಲ್ಲುವುದುಂಟು. ಆದ್ದರಿಂದ ಐಪ್ಪಸಿ ಮದುವೆಯವರು ಜನವರಿವರೆಗೆ ಕಾಯಲಿ.

ನಗರದ ಕನ್ನಡ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ಹೊಸ ದಂಪತಿಗಳು ಸಂಘದ ಕಡೆ ತಲೆಹಾಕುವುದಿಲ್ಲ ಎಂಬ ದೂರು ಪ್ರತಿ ವಾರ್ಷಿಕ ಸಭೆಯಲ್ಲೂ ಕೇಳಿಬರುತ್ತದೆ. ರಾಜ್ಯೋತ್ಸವದ ಹಾರ, ಶಾಲುಗಳಿಗೆ ಅವರು ಬರಲಾರರು. ಅದರ ಬದಲು ಒಂದು ಭಾನುವಾರ ಸಂಜೆ ಇಟಲಿಗೆ ಹೋಗಿ ಬಂದ ಇಬ್ಬರು ಮೂವರು ದಂಪತಿಗಳನ್ನೂ, ಊಟಿಗೆ ಹೋಗಿ ಬಂದ ಹಳೆಯ ಜೋಡಿಗಳನ್ನೂ ಒಟ್ಟಿಗೆ ಕೂರಿಸಲಿ. ಟಿಕೆಟು ಹೇಗೆ ತೆಗೆದರು, ಎಷ್ಟು ಖರ್ಚಾಯಿತು, ಎಲ್ಲಿ ಮೋಸ ಹೋದರು ಎಂದು ಕನ್ನಡದಲ್ಲೇ ಹೇಳಲಿ. ಭಾಷಣ ಬೇಡ, ಅಧ್ಯಕ್ಷರ ಎರಡು ಮಾತೂ ಬೇಡ. ಕಾಫಿ ಮಾತ್ರ ಸಂಘದ ಖರ್ಚಿನಲ್ಲಿರಲಿ.