ಔಷಧ ಕಂಪನಿ ಹ್ಯಾಕ್ ಆದರೆ ನಮಗೇನು ತೊಂದರೆ?

ಬ್ಯಾಂಕ್ ಹ್ಯಾಕ್ ಆಯಿತು ಎಂದರೆ ನಾವೆಲ್ಲ ಕೂಡಲೇ ಬ್ಯಾಲೆನ್ಸ್ ನೋಡಿಕೊಳ್ಳುತ್ತೇವೆ. ಔಷಧ ಕಂಪನಿ ಹ್ಯಾಕ್ ಆಯಿತು ಎಂದರೆ ‘ಅದು ಅವರ ತಲೆನೋವು’ ಎಂದು ಸುಮ್ಮನಾಗುತ್ತೇವೆ. ಇಲ್ಲವೇ ‘ಮಾತ್ರೆಯಲ್ಲಿ ಏನೋ ಬೆರೆಸಿರಬೇಕು’ ಎಂದು ಗಾಬರಿಯಾಗುತ್ತೇವೆ. ಎರಡೂ ಸರಿಯಲ್ಲ. ನಿಜಕ್ಕೂ ಏನಾಗುತ್ತದೆ ಎಂಬುದನ್ನು ಮೂರು ಘಟನೆಗಳಿಂದ ತಿಳಿಯೋಣ.

ಮಾತ್ರೆಗೂ ಕಂಪ್ಯೂಟರಿಗೂ ಏನು ಸಂಬಂಧ?

ಮಾತ್ರೆ ಸ್ಟ್ರಿಪ್‌ನ ಹಿಂದೆ ಬ್ಯಾಚ್ ನಂಬರ್ ಇರುತ್ತದೆ. ಒಂದೇ ಸಲ ತಯಾರಾದ ಔಷಧವೆಲ್ಲ ಒಂದು ಬ್ಯಾಚ್. ಯಾವ ಕಚ್ಚಾವಸ್ತು ಎಷ್ಟು ತೂಕ ಹಾಕಿದರು, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟರು, ಲ್ಯಾಬ್ ಪರೀಕ್ಷೆಯಲ್ಲಿ ಏನು ಬಂತು ಎಂಬುದೆಲ್ಲ ಪ್ರತಿ ಬ್ಯಾಚಿಗೂ ದಾಖಲಾಗಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಈ ದಾಖಲೆ ಹೆಚ್ಚಾಗಿ ಕಂಪ್ಯೂಟರಿನಲ್ಲೇ ಇರುತ್ತದೆ. ದಾಖಲೆ ಸರಿಯಿಲ್ಲದಿದ್ದರೆ, ಮಾತ್ರೆ ಎಷ್ಟೇ ಚೆನ್ನಾಗಿದ್ದರೂ ಮಾರುಕಟ್ಟೆಗೆ ಬಿಡುವಂತಿಲ್ಲ. ಆದ್ದರಿಂದ ಹ್ಯಾಕಿಂಗ್‌ನ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು ಔಷಧದ ಪೂರೈಕೆಗೆ.

ಲಸಿಕೆಯನ್ನೇ ಸಾಲ ತಂದ ಕಂಪನಿ

2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವೈರಸ್ ಉಕ್ರೇನ್‌ನ ಒಂದು ತೆರಿಗೆ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ ಹರಡಿತು. ಗುರಿ ಉಕ್ರೇನ್ ಆಗಿದ್ದರೂ, ಅಮೆರಿಕದ ಔಷಧ ಕಂಪನಿ ಮರ್ಕ್‌ನ ಸುಮಾರು 40 ಸಾವಿರ ಕಂಪ್ಯೂಟರುಗಳು ಇದಕ್ಕೆ ಸಿಕ್ಕವು. ಗರ್ಭಕಂಠದ ಕ್ಯಾನ್ಸರ್ ತಡೆಯುವ ‘ಗಾರ್ಡಸಿಲ್ 9’ ಲಸಿಕೆಯ ಉತ್ಪಾದನೆಗೂ ಅಡ್ಡಿಯಾಯಿತು. ಬೇಡಿಕೆ ಪೂರೈಸಲು ಕಂಪನಿ ಅಮೆರಿಕ ಸರ್ಕಾರದ ತುರ್ತು ದಾಸ್ತಾನಿನಿಂದ ಲಸಿಕೆಯನ್ನು ಸಾಲವಾಗಿ ಪಡೆಯಬೇಕಾಯಿತು. ಒಟ್ಟು ನಷ್ಟ 140 ಕೋಟಿ ಡಾಲರ್ ಎಂದು ಅದು ವಿಮಾ ಕಂಪನಿಗಳ ಮುಂದೆ ಹೇಳಿಕೊಂಡಿತು.

ಈ ವೈರಸ್ ಬಳಸಿದ ಒಂದು ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಬಿಡುಗಡೆ ಮಾಡಿತ್ತು. ಆದರೆ ಸಿಕ್ಕಿದ ಕಂಪ್ಯೂಟರಿನಿಂದ ಪಾಸ್‌ವರ್ಡ್ ಕದ್ದು, ಅಪ್‌ಡೇಟ್ ಆಗಿದ್ದ ಕಂಪ್ಯೂಟರಿಗೂ ಅದು ನುಗ್ಗಬಲ್ಲದಾಗಿತ್ತು.

ಹೈದರಾಬಾದ್‌ನಲ್ಲಿ ಏನಾಯಿತು?

2020ರ ಅಕ್ಟೋಬರ್ 17ರಂದು, ಸ್ಪುಟ್ನಿಕ್ ವಿ ಕೋವಿಡ್ ಲಸಿಕೆಯನ್ನು ಭಾರತದಲ್ಲಿ ಪ್ರಯೋಗಿಸಲು ಡಾ. ರೆಡ್ಡೀಸ್ ಕಂಪನಿಗೆ ಅನುಮತಿ ಸಿಕ್ಕ ಸುದ್ದಿ ಬಂತು. 22ರಂದು ಅದರ ಮೇಲೆ ಸೈಬರ್ ದಾಳಿ ನಡೆಯಿತು. ದಾಳಿ ಹರಡದಂತೆ ಕಂಪನಿ ತನ್ನ ಎಲ್ಲ ಡೇಟಾ ಸೆಂಟರ್ ಸೇವೆಗಳನ್ನು ಪ್ರತ್ಯೇಕಿಸಿತು. ಆಮೇಲೆ ಇದು ರ‍್ಯಾನ್ಸಮ್‌ವೇರ್ ಎಂದು ತಿಳಿಸಿತು. ಅಂದರೆ ಫೈಲುಗಳಿಗೆ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳುವ ದಂಧೆ.

ಕದ್ದ ಇಮೇಲ್, ತಿದ್ದಿದ ಇಮೇಲ್

ಮೂರನೆಯ ಘಟನೆ ಫಾರ್ವರ್ಡ್ ಮಾಡುವ ನಮಗೆಲ್ಲ ಸಂಬಂಧಿಸಿದ್ದು. 2020ರ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯೇ ಹ್ಯಾಕ್ ಆಯಿತು. ಫೈಜರ್-ಬಯೋಎನ್‌ಟೆಕ್ ಲಸಿಕೆಯ ಕಡತಗಳು ಕಳ್ಳರ ಕೈಸೇರಿದವು. ಮುಂದಿನ ತಿಂಗಳು ಕೆಲವು ದಾಖಲೆ ಮತ್ತು ಇಮೇಲ್‌ಗಳು ಇಂಟರ್ನೆಟ್‌ನಲ್ಲಿ ಕಾಣಿಸಿಕೊಂಡವು. ಅವುಗಳಲ್ಲಿ ಕೆಲವನ್ನು, ಲಸಿಕೆಯ ಮೇಲಿನ ನಂಬಿಕೆ ಕುಂದುವಂತೆ ಮೊದಲೇ ತಿದ್ದಲಾಗಿತ್ತು ಎಂದು ಸಂಸ್ಥೆ ಸ್ಪಷ್ಟಪಡಿಸಿತು.

ಹಾಗಾಗಿ ‘ಸೋರಿಕೆಯಾದ ರಹಸ್ಯ ದಾಖಲೆ’ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಅಸಲಿ ಕಾಗದಗಳ ನಡುವೆ ನಾಲ್ಕು ಸಾಲು ತಿದ್ದಿದರೂ ಸಾಕು, ಇಡೀ ಕಟ್ಟು ಅಸಲಿಯಂತೆಯೇ ಕಾಣುತ್ತದೆ.

ಕಾಯುವುದು ಏಕೆ ಕಷ್ಟ?

ನಮ್ಮ ಫೋನ್ ರಾತ್ರೋರಾತ್ರಿ ಅಪ್‌ಡೇಟ್ ಆಗುತ್ತದೆ. ಔಷಧ ಕಾರ್ಖಾನೆಯ ಯಂತ್ರ ಹಾಗಲ್ಲ. ಅದರ ಸಾಫ್ಟ್‌ವೇರ್ ಬದಲಾದರೆ ಔಷಧದ ಗುಣಮಟ್ಟ ಮೊದಲಿನಂತೆಯೇ ಇದೆಯೇ ಎಂದು ಪರಿಶೀಲಿಸಿ ದಾಖಲಿಸಬೇಕು. ಇದಕ್ಕೆ ಸಮಯ ಬೇಕು, ಉತ್ಪಾದನೆಯೂ ನಿಲ್ಲಬೇಕಾಗಬಹುದು. ಹೀಗಾಗಿ ಹಳೆಯ ಸಾಫ್ಟ್‌ವೇರ್ ವರ್ಷಗಟ್ಟಲೆ ಉಳಿದುಬಿಡುತ್ತದೆ. ಗುಣಮಟ್ಟ ಕಾಯುವ ನಿಯಮವೇ ಕಳ್ಳನಿಗೂ ಅನುಕೂಲವಾಗುವುದು ಇಲ್ಲಿಯ ಇಕ್ಕಟ್ಟು. ಇದಕ್ಕೆ ಪರಿಹಾರವೆಂದರೆ, ಉತ್ಪಾದನಾ ಯಂತ್ರಗಳ ಜಾಲವನ್ನು ಕಚೇರಿಯ ಇಮೇಲ್ ಜಾಲದಿಂದ ಬೇರ್ಪಡಿಸುವುದು, ದಾಖಲೆಗಳ ಪ್ರತಿಯನ್ನು ಇಂಟರ್ನೆಟ್ ತಾಗದ ಕಡೆ ಇಡುವುದು ಮತ್ತು ಸಿಬ್ಬಂದಿಗೆ ಮೋಸದ ಇಮೇಲ್ ಗುರುತಿಸಲು ಕಲಿಸುವುದು.

ನಾವೇನು ಮಾಡಬೇಕು?

• ಕಂಪನಿ ಹ್ಯಾಕ್ ಆದ ಸುದ್ದಿ ಓದಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ. ಔಷಧದಲ್ಲಿ ದೋಷ ಕಂಡುಬಂದರೆ ಯಾವ ಬ್ಯಾಚ್ ವಾಪಸ್ ಪಡೆಯಬೇಕೆಂದು ನಂಬರ್ ಸಮೇತ ಪ್ರಕಟಿಸುತ್ತಾರೆ. ಬ್ಯಾಚ್ ನಂಬರ್ ಇಲ್ಲದೆ ಹೆದರಿಸುವ ಸಂದೇಶವನ್ನು ಮುಂದೆ ಕಳಿಸಬೇಡಿ.

• 2023ರ ಆಗಸ್ಟ್ 1ರ ನಂತರ ತಯಾರಾದ 300 ಪ್ರಮುಖ ಬ್ರ್ಯಾಂಡ್‌ಗಳ ಔಷಧಗಳ ಮೇಲೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯ. ಅದನ್ನು ಸ್ಕ್ಯಾನ್ ಮಾಡಿ ತಯಾರಕರ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಸ್ಟ್ರಿಪ್‌ನೊಂದಿಗೆ ತಾಳೆಯಾಗುತ್ತದೆಯೇ ನೋಡಿ.

• ಔಷಧದ ಹೆಸರಲ್ಲಿ ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಔಷಧದ ದಾಖಲೆ ಕಾಯುವ ಹೊಣೆ ಕಂಪನಿಯದ್ದು ಮತ್ತು ಸರ್ಕಾರದ್ದು. ಕದ್ದು ತಿದ್ದಿದ ದಾಖಲೆ ಊರೆಲ್ಲ ಹರಡದಂತೆ ತಡೆಯುವ ಹೊಣೆ ಮಾತ್ರ, ಫಾರ್ವರ್ಡ್ ಬಟನ್ ಕೈಯಲ್ಲಿರುವ ನಮ್ಮದು.