ಒಲೆ ಕೆಟ್ಟಿಲ್ಲ, ಉರುವಲು ಬದಲಾಗಿದೆ



ಬೆಂಗಳೂರಿನ ಅಮೃತಹಳ್ಳಿಯಲ್ಲಿ ನನ್ನ ಸೋದರತ್ತೆಯವರ ಮನೆಯಲ್ಲೊಂದು ಪೆಲೆಟ್ ಒಲೆಯಿದೆ. ಎರಡು ವರ್ಷ ಹೊಗೆಯಿಲ್ಲದೆ ಉರಿದ ಆ ಒಲೆ ಕಳೆದ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಹೊಗೆಯುಗುಳತೊಡಗಿತು. ಅರ್ಧ ತಾಸಿನಲ್ಲಿ ಜ್ವಾಲೆ ಕುಗ್ಗಿ, ತಳದಲ್ಲಿ ಗಾಜಿನಂತಹ ಕಿಟ್ಟ ಕಟ್ಟುತ್ತಿತ್ತು. "ನಿಮಗೆ ಒಲೆ ಹಚ್ಚಲು ಬರುವುದಿಲ್ಲ" ಎಂದನಂತೆ ಪೆಲೆಟ್ ಮಾರುವವನು. ನಲವತ್ತು ವರ್ಷ ಒಲೆಯ ಮುಂದೆ ಕುಳಿತವರಿಗೆ ಈ ಮಾತು!

ಪೆಲೆಟ್ಟನ್ನು ನೀರಿನಲ್ಲಿ ನೆನೆಸಿ ಬಿಡಿಸಿ ನೋಡಿದೆ. ಹಿಂದಿನದು ಮರದ ಹುಡಿ, ಹೊಸದು ಭತ್ತದ ಹೊಟ್ಟು. ಚೀಲವೂ ಅದೇ, ಬೆಲೆಯೂ ಅದೇ. ನೂರು ಕಿಲೋ ಮರದ ಹುಡಿ ಉರಿದರೆ ಉಳಿಯುವ ಬೂದಿ ಒಂದೆರಡು ಕಿಲೋ. ಹೊಟ್ಟಿನಲ್ಲಿ 15ರಿಂದ 20 ಕಿಲೋ. ಅದರ ಬಹುಪಾಲು ಸಿಲಿಕಾ. ಪೊಟ್ಯಾಸಿಯಂ ಜೊತೆಗೂಡಿದಾಗ ಅದು ಒಲೆಯ ಕಾವಿನಲ್ಲೇ ಮೆತ್ತಗಾಗಿ ಕಿಟ್ಟವಾಗುತ್ತದೆ. ಗಾಳಿಯ ರಂಧ್ರಗಳು ಮುಚ್ಚಿದ ಮೇಲೆ ಹೊಗೆಯಲ್ಲದೆ ಇನ್ನೇನು ಬಂದೀತು?

ಇಂಥ ಒಲೆಯಿರುವವರು ಹೀಗೆ ಮಾಡಿರಿ: ಒಲೆ ಪೂರ್ತಿ ಆರಿದ ಮೇಲೆ ಕಿಟ್ಟ ತೆಗೆದು ರಂಧ್ರಗಳನ್ನು ತಂತಿಯಿಂದ ಬಿಡಿಸಿರಿ. ಪೆಲೆಟ್ ಟಕ್ಕೆಂದು ಮುರಿಯದೆ ಪುಡಿಯಾದರೆ ತೇವ ಹೀರಿದೆಯೆಂದು ತಿಳಿಯಿರಿ. ಮೇಲಿನ ಗಾಳಿರಂಧ್ರಗಳಿಗಿಂತ ಕೆಳಗೇ ತುಂಬಿ, ಮೇಲಿನಿಂದ ಹಚ್ಚಿರಿ. ಫ್ಯಾನಿನ ವೇಗವನ್ನೂ ಗಮನಿಸಿರಿ. ಮುಚ್ಚಿದ ಕೋಣೆಯಲ್ಲಿ ಉರಿಸಲೇಬೇಡಿ; ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಆದರೆ ಪ್ರಶ್ನೆ ಬರಿಯ ರಿಪೇರಿಯದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡು 2006ರಲ್ಲಿ ಮಾರುಕಟ್ಟೆಗೆ ಬಂದ 'ಊರ್ಜಾ' ಒಲೆ ಸುಮಾರು ನಾಲ್ಕು ಲಕ್ಷ ಮನೆಗಳನ್ನು ತಲುಪಿತು. ಪೆಲೆಟ್ ಬೆಲೆ ಏರುತ್ತ ಹೋದಂತೆ ಬಹಳಷ್ಟು ಒಲೆಗಳು ಮೂಲೆ ಸೇರಿದವು. ಒಲೆ ನಮ್ಮದು, ಉರುವಲಿನ ಹಿಡಿತ ಇನ್ನೊಬ್ಬರದು ಎಂದಾದರೆ ಆಗುವುದು ಇದೇ.

ಗೊಬ್ಬರದ ಚೀಲದ ಮೇಲೆ ಪೋಷಕಾಂಶದ ಪ್ರಮಾಣ ಮುದ್ರಿಸಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶ ವಿಧಿಸುತ್ತದೆ. ಗದ್ದೆಯ ಮಣ್ಣಿಗಿರುವ ಈ ರಕ್ಷಣೆ ಹೆಣ್ಣುಮಕ್ಕಳ ಶ್ವಾಸಕೋಶಕ್ಕೆ ಬೇಡವೆ? ಪೆಲೆಟ್ ಚೀಲದ ಮೇಲೂ ಕಚ್ಚಾವಸ್ತು, ಬೂದಿ, ತೇವಾಂಶ ನಮೂದಾಗಲಿ. ನಾಳೆ ನಮ್ಮ ಘಟ್ಟದ ಊರುಗಳಿಗೆ ಇಂಥ ಒಲೆ ತರುವವರು ಮೊದಲು ಇಲ್ಲಿನ ಅಡಿಕೆ ಸಿಪ್ಪೆ, ಮಿಲ್ಲಿನ ಮರದ ಹುಡಿಗಳಲ್ಲಿ ಅದನ್ನು ಉರಿಸಿ ತೋರಿಸಲಿ. ಸೊಪ್ಪಿನಬೆಟ್ಟದ ದರಗಿಗೆ ಮಾತ್ರ ಕೈಯಿಡುವುದು ಬೇಡ. ಅದು ಮಣ್ಣಿನ ಪಾಲು.

ವಿದ್ಯಾರ್ಥಿ ಮಿತ್ರರೆ, ನೂರು ಗ್ರಾಂ ಪೆಲೆಟ್ಟನ್ನು ಬಯಲಿನಲ್ಲಿ ಪೂರ್ತಿ ಬೂದಿಯಾಗುವವರೆಗೆ ಉರಿಸಿ ಶಾಲೆಯ ತಕ್ಕಡಿಯಲ್ಲಿ ತೂಗಿರಿ. ಆ ಬೂದಿಯನ್ನು ಪೊಟ್ಟಣ ಕಟ್ಟಿ ಮಾರಿದವನ ಮುಂದಿಡಿರಿ. ಒಲೆ ಹಚ್ಚಲು ಬರದವರು ಯಾರೆಂದು ಆಗ ಕೇಳೋಣ.